ತಕ್ಕಡಿಗೆ ಸೀಲು ಉಂಟು, ಸರ್ಟಿಫಿಕೇಟಿಗೆ?

ದಾವಣಗೆರೆ: ಮಂಡಿಪೇಟೆ ಕಡೆಯ ಒಂದು ಹಾರ್ಡ್‌ವೇರ್ ಅಂಗಡಿ. ದೀಪ ಹಚ್ಚುವ ಹೊತ್ತು. ಮಾಲೀಕರು ಗಲ್ಲಾದ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ವ್ಯಾಪಾರ ಇಲ್ಲ ಅಂತ ಅಲ್ಲ. ಲೆಕ್ಕ ತಪ್ಪಿದೆ ಅಂತ.

ಹೈದರಾಬಾದಿನಿಂದ ನಲ್ಲಿ, ವಾಲ್ವುಗಳ ಮಾಲು ಬಂದಿತ್ತು. ಮಾಲಿನ ಬೆಲೆ 40,000 ರೂಪಾಯಿ. ಅದರ ಮೇಲೆ ಶೇಕಡಾ 18ರ ತೆರಿಗೆ 7,200. ಹೊರ ರಾಜ್ಯದ ಮಾಲಾದ್ದರಿಂದ ಅಷ್ಟೂ ಐ.ಜಿ.ಎಸ್.ಟಿ. ಎಂದೇ ಲೆಕ್ಕಕ್ಕೆ ಏರಬೇಕು. ಲೆಕ್ಕ ಬರೆಯುವ ಹುಡುಗಿ ಅದನ್ನು ಹುಬ್ಬಳ್ಳಿ ಮಾಲಿನಂತೆ ಎರಡು ಪಾಲು ಮಾಡಿ, 3,600 ಕೇಂದ್ರಕ್ಕೆ, 3,600 ರಾಜ್ಯಕ್ಕೆ ಎಂದು ಏರಿಸಿಬಿಟ್ಟಿದ್ದಳು. ಆಡಿಟರು ತಿಂಗಳ ಕೊನೆಗೆ 2ಬಿ ಪಟ್ಟಿಗೆ ತಾಳೆ ಹಾಕಿ ನೋಡಿದಾಗ ಬಣ್ಣ ಬಯಲಾಯಿತು. ಅದೊಂದೇ ಬಿಲ್ಲಲ್ಲ, ಅಂಥವು ಹನ್ನೊಂದು.

'ಮೂರು ಸರ್ಟಿಫಿಕೇಟು ತಂದಾಳೆ ನೋಡ್ರಿ. ಒಂದಕ್ಕಿಂತ ಒಂದು ಬಣ್ಣ. ನಾನು ಯಾವುದನ್ನ ನಂಬ್ಲಿ?' ಎಂದರು ಮಾಲೀಕರು.

ಹುಡುಗಿ ಅಳುಮೋರೆ ಮಾಡಿಕೊಂಡು ನಿಂತಿದ್ದಳು. ಜಗಳೂರು ಕಡೆಯ ಹಳ್ಳಿಯವಳು. ದ್ವಿತೀಯ ಪಿಯುಸಿಗೆ ಓದು ನಿಂತಿತು. ಅಪ್ಪ ಎರಡು ಕುರಿ ಮಾರಿ ಕಂಪ್ಯೂಟರ್ ಕ್ಲಾಸಿಗೆ ಎಂಟು ಸಾವಿರ ಕಟ್ಟಿದ. ನಾಲ್ಕು ತಿಂಗಳು ಬಸ್ಸು ಹತ್ತಿ ಬಂದು ಕಲಿತಳು. 'ನಮಗೆ ಒಂದೇ ತರ ಬಿಲ್ಲು ಹೇಳಿಕೊಟ್ಟಿದ್ರು ಸಾರ್' ಎಂದು ನೋಟ್ಸು ತೆಗೆದು ತೋರಿಸಿದಳು.

ಆ ನೋಟ್ಸು ನೋಡುವ ಹಾಗಿತ್ತು. ಅರ್ಧ ಪುಸ್ತಕ ವ್ಯಾಟ್ ತೆರಿಗೆಯ ಪಾಠ! ಹಾರ್ಡ್‌ವೇರ್ ಅಂಗಡಿಯ ಮಟ್ಟಿಗೆ ವ್ಯಾಟ್ ಸತ್ತದ್ದು 2017ರ ಜುಲೈ 1ರಂದು, ಜಿ.ಎಸ್.ಟಿ. ಬಂದ ದಿನವೇ. ಪುಸ್ತಕದ ಚಿತ್ರಗಳೆಲ್ಲ ಟ್ಯಾಲಿಯ ಹಳೇ ಇ.ಆರ್.ಪಿ. 9ರವು. ಟ್ಯಾಲಿ ಕಂಪನಿಯವರು 2020ರಲ್ಲೇ ಟ್ಯಾಲಿ ಪ್ರೈಮ್ ಎಂಬ ಹೊಸದನ್ನು ತಂದರು. ಸತ್ತ ತೆರಿಗೆ, ಹಳಸಿದ ಪಾಠ. ಫೀಸು ಮಾತ್ರ ಬಿಸಿಬಿಸಿ!

ತಪ್ಪು ಹುಡುಗಿಯದೋ, ಕಲಿಸಿದವರದೋ? ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆಯೇ ಇದೆ. ಆಕೆಗೆ ಬರುತ್ತದೆ ಎಂದು ಬರೆದುಕೊಟ್ಟವರು ಯಾರು?

ಸೀಲಿನ ಮಾತು

ಅದೇ ಅಂಗಡಿಯ ಗಲ್ಲಾದ ಪಕ್ಕ ಮೊಳೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಅದಕ್ಕೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಲೇಬೇಕು. ಕಬ್ಬಿಣದ ಬಟ್ಟಿಗಾದರೆ ಎರಡು ವರ್ಷಕ್ಕೊಮ್ಮೆ. ಮುದ್ರೆ ಇಲ್ಲದ ತಕ್ಕಡಿ ಇಟ್ಟರೆ ದಂಡ. ಇದು ಪೇಟೆಯ ಪ್ರತಿ ಅಂಗಡಿಯವರಿಗೂ ಗೊತ್ತಿರುವ ಸಂಗತಿ. ಗೊಣಗುತ್ತಲೇ ಹಾಕಿಸಿಕೊಳ್ಳುತ್ತಾರೆ.

ಮುದ್ರೆ ಹಾಕುವವನು ತಕ್ಕಡಿ ಮಾರಿದವನಲ್ಲ, ತೂಗಿ ಕೊಡುವ ಅಂಗಡಿಯವನೂ ಅಲ್ಲ. ಮೂರನೆಯವನು. ಅದಕ್ಕೇ ಆ ಮುದ್ರೆಗೆ ಬೆಲೆ.

ಕಂಪ್ಯೂಟರ್ ಸೆಂಟರಿನ ಕತೆ ಹಾಗಲ್ಲ. ಕಲಿಸುವವರು ಅವರೇ, ಪರೀಕ್ಷೆ ಇಡುವವರು ಅವರೇ, ನಂಬರು ಕೊಡುವವರು ಅವರೇ, ಸರ್ಟಿಫಿಕೇಟು ಅಚ್ಚು ಹಾಕಿಸುವವರೂ ಅವರೇ. ಎಂಟು ಸಾವಿರ ಇಸಿದುಕೊಂಡವನು ಆ ಮಗುವನ್ನು ಫೇಲು ಮಾಡುತ್ತಾನೆಯೇ? ಮಾಡಿದರೆ ಮುಂದಿನ ಬ್ಯಾಚಿಗೆ ಅದರ ಊರಿನಿಂದ ಯಾರು ಬಂದಾರು? ವಾರಗಟ್ಟಲೆ ಬಾರದವನಿಗೂ ಫಸ್ಟ್ ಕ್ಲಾಸು, ಒಂದು ದಿನ ತಪ್ಪಿಸದೆ ಬಂದವಳಿಗೂ ಫಸ್ಟ್ ಕ್ಲಾಸು. ಹೀಗಾದಾಗ ನಿಜವಾಗಿ ಕಲಿತವಳ ಕಾಗದಕ್ಕೂ ಬೆಲೆ ಹೋಗುತ್ತದೆ.

ಟೈಪಿಂಗ್ ಇನ್‌ಸ್ಟಿಟ್ಯೂಟಿನ ಕಾಲ

ನಮ್ಮ ಹಿರಿಯರನ್ನು ಕೇಳಿ. ಅಂದು ಊರಿಗೆ ನಾಲ್ಕು ಟೈಪಿಂಗ್ ಇನ್‌ಸ್ಟಿಟ್ಯೂಟು ಇದ್ದವು. ಹಂಚಿನ ಮಾಡು, ಹಳೇ ಮೆಷಿನ್ನು, ಕಟಕಟ ಸದ್ದು. ಗೋಡೆಯ ಮೇಲೆ ಬಣ್ಣದ ಬೋರ್ಡಿಲ್ಲ. ಆದರೆ ಜೂನಿಯರ್, ಸೀನಿಯರ್ ಪರೀಕ್ಷೆ ನಡೆಸುತ್ತಿದ್ದದ್ದು ಸರ್ಕಾರ. ಬೇರೆ ಕಡೆ ಪರೀಕ್ಷೆ, ಗಡಿಯಾರ ನೋಡಿ ಹೊಡೆಯಬೇಕು, ಯಾರದೋ ಕೈ ತಪ್ಪು ಎಣಿಸುತ್ತಿತ್ತು. ಇನ್‌ಸ್ಟಿಟ್ಯೂಟಿನ ಮೇಷ್ಟ್ರಿಗೆ ಅಲ್ಲಿ ಕೈಯಾಡಿಸಲು ಜಾಗವಿರಲಿಲ್ಲ. ತನ್ನ ಹುಡುಗರು ಪಾಸಾಗದಿದ್ದರೆ ತನ್ನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆಯೇ ಅವರನ್ನು ಒಳ್ಳೆಯ ಮೇಷ್ಟ್ರನ್ನಾಗಿ ಮಾಡಿತ್ತು. 'ಸೀನಿಯರ್ ಪಾಸ್' ಎಂದರೆ ಕೋರ್ಟಿನವರೂ ನಂಬುತ್ತಿದ್ದರು, ಕಚೇರಿಯವರೂ ನಂಬುತ್ತಿದ್ದರು.

ಟೈಪ್‌ರೈಟರು ಹೋಗಿ ಕಂಪ್ಯೂಟರು ಬಂತು. ಯಂತ್ರ ಬಂದಷ್ಟು ಬೇಗ ಆ ಪದ್ಧತಿ ಎಲ್ಲ ಸೆಂಟರಿಗೂ ಬರಲಿಲ್ಲ.

ಹಾಗೆಂದು ಪದ್ಧತಿ ಇಲ್ಲವೇ ಇಲ್ಲ ಎಂದಲ್ಲ. 1990ರಲ್ಲೇ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಡೋಯಾಕ್ ಎಂಬ ಯೋಜನೆ ತಂದಿತು. ಖಾಸಗಿಯವರು ಕಲಿಸಲಿ, ಪರೀಕ್ಷೆ ನಾವು ಇಡುತ್ತೇವೆ ಎಂಬುದೇ ಅದರ ತಿರುಳು. 2011ರಲ್ಲಿ ಆ ಸಂಸ್ಥೆಗೆ ನೀಲಿಟ್ ಎಂದು ಹೊಸ ಹೆಸರಾಯಿತು. ಅದರ 'ಸಿ.ಸಿ.ಸಿ.' ಎಂಬ ಮೊದಲ ಹಂತದ ಕೋರ್ಸು 80 ಗಂಟೆಯದು. ಪರೀಕ್ಷೆ ಕಂಪ್ಯೂಟರಿನ ಮೇಲೆ, 90 ನಿಮಿಷಕ್ಕೆ 100 ಪ್ರಶ್ನೆ. ಯಾವ ಸೆಂಟರಿಗೂ ಹೋಗದೆ ಮನೆಯಲ್ಲೇ ಕಲಿತವರೂ ನೇರವಾಗಿ ಕೂರಬಹುದು. ಇಷ್ಟಿದ್ದೂ ನಮ್ಮ ಸೆಂಟರುಗಳಿಗೆ ಫೀಸು ಕಟ್ಟಲು ಬರುವವರಲ್ಲಿ ಇದನ್ನು ಕೇಳಿ ಬರುವವರು ಅಪರೂಪ. ಕೇಳದ ಸರಕನ್ನು ಯಾವ ಅಂಗಡಿಯವನು ತರಿಸುತ್ತಾನೆ?

ಸರ್ಕಾರ ತನ್ನ ಮನೆಯಲ್ಲಿ ಮಾತ್ರ ಜಾಣತನ ತೋರಿಸಿದೆ. ರಾಜ್ಯ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಎಂದು 2012ರಲ್ಲಿ ನಿಯಮ ಮಾಡಿ, ಕಿಯೋನಿಕ್ಸ್ ಮೂಲಕ ಪರೀಕ್ಷೆಗೆ ಕೂರಿಸಿತು. ತನ್ನ ಗುಮಾಸ್ತರನ್ನು ಪರೀಕ್ಷೆ ಮಾಡಿಯೇ ನಂಬುವ ಸರ್ಕಾರ, ಹಾರ್ಡ್‌ವೇರ್ ಅಂಗಡಿಯ ಮಾಲೀಕನಿಗೆ ಮಾತ್ರ ಬಣ್ಣದ ಕಾಗದ ನಂಬಿಕೋ ಎಂದು ಬಿಟ್ಟಿದೆ.

ಒಂದೂವರೆ ಕೋಟಿಯ ಪಾಠ

ಕಲಿಸುವವನೂ ಅಳೆಯುವವನೂ ಬೇರೆಯಾದರೆ ಏನಾಗುತ್ತದೆ ಎಂಬುದಕ್ಕೆ ಒಂದು ದೊಡ್ಡ ಲೆಕ್ಕವೇ ಇದೆ. ಹಳ್ಳಿಯ ಮನೆಗೊಬ್ಬರಿಗೆ ಕಂಪ್ಯೂಟರ್ ತಿಳಿವಳಿಕೆ ಕೊಡುವ ಕೇಂದ್ರದ ಯೋಜನೆ 2017ರಲ್ಲಿ ಶುರುವಾಯಿತು. ಪಿ.ಎಂ.ಜಿ. ದಿಶಾ ಎಂದು ಹೆಸರು. ಬರೀ 20 ಗಂಟೆಯ ಪಾಠ. ಪಾಠ ಒಬ್ಬರದು, ಪರೀಕ್ಷೆ ಇನ್ನೊಬ್ಬರದು. 2024ರ ಮಾರ್ಚಿಗೆ ಯೋಜನೆ ಮುಗಿದಾಗ ತರಬೇತಾದವರು 6.39 ಕೋಟಿ ಜನ. ಸರ್ಟಿಫಿಕೇಟು ಸಿಕ್ಕಿದ್ದು ಸುಮಾರು 4.77 ಕೋಟಿಗೆ.

ಅಂದರೆ ಪಾಠ ಆಯಿತು ಎಂದು ಬರೆದವರ ಪೈಕಿ ನಾಲ್ವರಲ್ಲಿ ಒಬ್ಬರಷ್ಟು ಜನಕ್ಕೆ ಕಾಗದ ದಕ್ಕಲಿಲ್ಲ. ಅವರೆಲ್ಲ ಫೇಲಾದವರೆಂದು ಹೇಳಲಾಗದು, ಪರೀಕ್ಷೆಗೇ ಹೋಗದವರೂ ಇದ್ದಾರು. ಆದರೂ ಈ ಒಂದೂವರೆ ಕೋಟಿಗೂ ಮೇಲಿನ ಅಂತರ ಒಂದು ಮಾತು ಹೇಳುತ್ತದೆ. ಹೊರಗಿನವನು ಅಳೆದಾಗ ಅಂತರ ಕಾಣುತ್ತದೆ. ಒಳಗಿನವನೇ ಅಳೆದುಕೊಂಡಾಗ ನೂರಕ್ಕೆ ನೂರು!

ಗೋಡೆಯ ಮೇಲಿನ ಬೋರ್ಡು

ಸೆಂಟರುಗಳ ಗೋಡೆಯನ್ನೂ ಒಮ್ಮೆ ನೋಡಿಬರೋಣ. 'ಸರ್ಕಾರದಿಂದ ನೋಂದಾಯಿತ' ಎಂದು ದಪ್ಪಕ್ಷರ. ಒಳಹೊಕ್ಕು ಕೇಳಿದರೆ ಎಷ್ಟೋ ಕಡೆ ತೋರಿಸುವುದು ಉದ್ಯಮ್ ನೋಂದಣಿಯ ಹಾಳೆ. ಉದ್ಯಮ್ ಎಂದರೆ ಸಣ್ಣ ಉದ್ದಿಮೆಯವರು ತಾವೇ ವಿವರ ತುಂಬಿ, ಕಾಸು ಖರ್ಚಿಲ್ಲದೆ ಮಾಡಿಕೊಳ್ಳುವ ನೋಂದಣಿ. ನಮ್ಮ ಬೀದಿಯ ಕಿರಾಣಿ ಅಂಗಡಿಗೂ ಸಿಗುತ್ತದೆ. ಪಾಠ ಚೆನ್ನಾಗಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು 'ಐ.ಎಸ್.ಓ. 9001'. ಜಿನೀವಾದ ಐ.ಎಸ್.ಓ. ಸಂಸ್ಥೆ ಯಾರಿಗೂ ಸರ್ಟಿಫಿಕೇಟು ಕೊಡುವುದಿಲ್ಲ. ಅದು ನಿಯಮ ಬರೆಯುತ್ತದೆ, ಸರ್ಟಿಫಿಕೇಟು ಕೊಡುವವು ಬೇರೆ ಏಜೆನ್ಸಿಗಳು. ಅವುಗಳಲ್ಲಿ ಮಾನ್ಯತೆ ಪಡೆದವೂ ಉಂಟು, ದುಡ್ಡು ಕೊಟ್ಟರೆ ಕೈಗೆ ಕೊಡುವಂಥವೂ ಉಂಟು. ಆ 9001 ಹೇಳುವುದು ಕೆಲಸದ ಕ್ರಮ ಸರಿಯಿದೆಯೇ ಎಂದು, ನಿಮ್ಮ ಮಗಳಿಗೆ ಬಿಲ್ಲು ಬರೆಯಲು ಬರುತ್ತದೆಯೇ ಎಂದಲ್ಲ. ಕಲಿಸುವ ಸಂಸ್ಥೆಗಳಿಗೆಂದೇ 21001 ಎಂಬ ಬೇರೆ ನಿಯಮ 2018ರಲ್ಲಿ ಬಂದಿದೆ. ಅದರ ಹೆಸರು ಹೊತ್ತ ಬೋರ್ಡು ನಾನು ಸುತ್ತಿದ ಬೀದಿಗಳಲ್ಲಿ ಒಂದೂ ಕಾಣಲಿಲ್ಲ.

ಸೆಂಟರಿನವರ ಗೋಳು

ಒಂದು ಪಕ್ಕದ ಮಾತು ಕೇಳಿ ತೀರ್ಪು ಹೇಳಬಾರದು. ಹದಿನೈದು ವರ್ಷದಿಂದ ಸೆಂಟರು ನಡೆಸುತ್ತಿರುವ ಒಬ್ಬರು ತಮ್ಮ ಲೆಕ್ಕ ಬಿಚ್ಚಿಟ್ಟರು. ಬಾಡಿಗೆ, ಕರೆಂಟು, ಇಂಟರ್‌ನೆಟ್ಟು ತಿಂಗಳು ತಪ್ಪದು. ಒಳ್ಳೆ ಹುಡುಗನನ್ನು ತಯಾರು ಮಾಡಿ ಪಾಠಕ್ಕೆ ನಿಲ್ಲಿಸಿದರೆ ಆರು ತಿಂಗಳಿಗೆ ಬೆಂಗಳೂರು ಬಸ್ಸು ಹತ್ತುತ್ತಾನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರು 2025ರ ಅಕ್ಟೋಬರಿಗೆ ಮಾಮೂಲಿ ಬೆಂಬಲ ನಿಲ್ಲಿಸಿದರು, ಹಳೇ ಯಂತ್ರಗಳಲ್ಲಿ ಬಹಳಷ್ಟು ಹೊಸ ವಿಂಡೋಸಿಗೆ ಒಗ್ಗುವುದಿಲ್ಲ. ಹತ್ತು ಯಂತ್ರ ಒಟ್ಟಿಗೆ ಬದಲಿಸಲು ದುಡ್ಡೆಲ್ಲಿಂದ?

'ಪಕ್ಕದವನು ಮೂರು ಸಾವಿರಕ್ಕೆ ನಾಲ್ಕು ಕೋರ್ಸು ಅಂತಾನೆ. ನಾನು ಎಂಟು ಸಾವಿರ ಅಂದ್ರೆ ನಮ್ಮಪ್ಪನಾಣೆ ಯಾರೂ ಒಳಗೆ ಬರಲ್ಲ. ಬಂದವರು ಕೇಳೋದು ಒಂದೇ: ಸರ್ಟಿಫಿಕೇಟು ಯಾವಾಗ ಕೊಡ್ತೀರಿ? ಏನು ಕಲಿಸ್ತೀರಿ ಅಂತ ಕೇಳಿದವರು ಕಮ್ಮಿ ಸಾರ್' ಎಂದರು.

ಈ ಮಾತಿನಲ್ಲಿ ಸತ್ಯವಿದೆ. ಚೆನ್ನಾಗಿ ಕಲಿಸುವವನಿಗೂ ಮೋಸ ಮಾಡುವವನಿಗೂ ಒಂದೇ ಬೋರ್ಡು, ಒಂದೇ ಬಣ್ಣದ ಕಾಗದ. ಗಿರಾಕಿಗೆ ವ್ಯತ್ಯಾಸ ತಿಳಿಯದಿದ್ದಾಗ ಅವನು ನೋಡುವುದು ರೇಟನ್ನೇ. ಕಲಬೆರಕೆ ಎಣ್ಣೆಯ ಪಕ್ಕ ಗಾಣದ ಎಣ್ಣೆ ಇಟ್ಟವನ ಪಾಡು ಇವರದು. ಹೊರಗಿನ ಪರೀಕ್ಷೆ ಬಂದರೆ ಮೊದಲು ಲಾಭವಾಗುವುದು ಇಂಥ ಪ್ರಾಮಾಣಿಕರಿಗೇ.

ಫೀಸು ಕಟ್ಟುವ ಮುಂಚೆ

ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ದುಡ್ಡು ಉಳಿಯಿತು. ಹರಿಹರ, ಚನ್ನಗಿರಿ, ಜಗಳೂರು ಕಡೆಯಿಂದ ಬೆಳಗ್ಗೆ ಬರುವ ಬಸ್ಸುಗಳಲ್ಲಿ ಬ್ಯಾಗು ತಗಲಿಸಿಕೊಂಡ ಹುಡುಗಿಯರು ಎಷ್ಟೊಂದು! ಬಸ್ಸು ಬಿಟ್ಟಿ, ಫೀಸು ಬಿಟ್ಟಿಯಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೂ ಗೊತ್ತು, ಡಿಗ್ರಿ ಇಲ್ಲದವರಿಗೆ ಇಂಥ ಒಂದು ಕಾಗದವೇ ಊರುಗೋಲು. ಆ ಊರುಗೋಲು ಟೊಳ್ಳಾಗಬಾರದು.

ಆದ್ದರಿಂದ ತಂದೆತಾಯಿಗಳು ಕೌಂಟರಿನಲ್ಲಿ ನಿಂತು ಐದು ಮಾತು ಕೇಳಲಿ. ಪರೀಕ್ಷೆ ನೀವೇ ಇಡುತ್ತೀರೋ, ಹೊರಗಿನವರೋ? ಕಲಿಸುವವರು ಯಾರು, ಅವರು ಏನು ಓದಿದ್ದಾರೆ? ದಿನಕ್ಕೆ ಎಷ್ಟು ಹೊತ್ತು ಒಬ್ಬರಿಗೆ ಒಂದು ಯಂತ್ರ ಸಿಗುತ್ತದೆ? ಪಾಠದ ಪುಸ್ತಕ ಯಾವ ವರ್ಷದ್ದು? ಹೋದ ಬ್ಯಾಚಿನವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ, ಇಬ್ಬರ ಹತ್ತಿರ ಮಾತಾಡಿಸುತ್ತೀರಾ? ಈ ಐದಕ್ಕೆ ನೆಟ್ಟಗೆ ಉತ್ತರ ಕೊಡುವವನ ಹತ್ತಿರ ಸಾವಿರ ರೂಪಾಯಿ ಹೆಚ್ಚಾದರೂ ಸೇರಿಸಿ. ತಡವರಿಸುವವನಿಗೆ ನಮಸ್ಕಾರ ಹೇಳಿ ಇಳಿದು ಬನ್ನಿ. ಕಟ್ಟಿದ ದುಡ್ಡಿಗೆ ರಶೀದಿ ಮರೆಯಬೇಡಿ. 'ನೂರಕ್ಕೆ ನೂರು ಕೆಲಸ ಗ್ಯಾರಂಟಿ' ಎಂಬ ಕರಪತ್ರವಿದ್ದರೆ ಅದನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ.

ಅಂಗಡಿಯವರಿಗೂ ಒಂದು ಕಿವಿಮಾತು. ಸರ್ಟಿಫಿಕೇಟು ನೋಡಿ ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ಬಿಡಿ. ನಿಮ್ಮದೇ ಎರಡು ಹಳೇ ಬಿಲ್ಲು ಕೊಡಿ, ಒಂದು ಹುಬ್ಬಳ್ಳಿಯದು, ಒಂದು ಹೈದರಾಬಾದಿನದು. ಅರ್ಧ ಗಂಟೆಯಲ್ಲಿ ಬಣ್ಣ ತಿಳಿಯುತ್ತದೆ. ನೂರು ಅಂಗಡಿಯವರು ಹೀಗೆ ಮಾಡಿದರೆ ಸೆಂಟರುಗಳು ತಾವಾಗಿಯೇ ಪಾಠ ತಿದ್ದಿಕೊಳ್ಳುತ್ತವೆ. ವರ್ತಕರ ಸಂಘದವರು, ಆಡಿಟರುಗಳು ಸೇರಿ ಆರು ತಿಂಗಳಿಗೊಮ್ಮೆ ಒಂದು ಸಾಮಾನ್ಯ ಪರೀಕ್ಷೆ ಇಡುವುದೂ ಅಸಾಧ್ಯದ ಮಾತೇನಲ್ಲ. ಊರಿನವರೇ ಹಾಕುವ ಸೀಲು ಅದು.

ಇನ್ನು ಜಿಲ್ಲಾಡಳಿತ. ಸೆಂಟರು ಮುಚ್ಚಿಸಿ ಎಂದು ಯಾರೂ ಕೇಳುತ್ತಿಲ್ಲ. ಯಾವ ಸೆಂಟರಿನ ಮಕ್ಕಳು ಹೊರಗಿನ ಪರೀಕ್ಷೆಗೆ ಕೂರುತ್ತಾರೆ, ಎಷ್ಟು ಜನ ಪಾಸಾಗುತ್ತಾರೆ ಎಂಬ ಒಂದು ಪಟ್ಟಿ ಮಾಡಿ ಬಸ್ ಸ್ಟ್ಯಾಂಡಿನಲ್ಲಿ ಅಂಟಿಸಲಿ. ಅದಕ್ಕೆ ಬೇಕಾದದ್ದು ಒಬ್ಬ ಗುಮಾಸ್ತ, ಒಂದು ಹಾಳೆ, ಒಂದಿಷ್ಟು ಮನಸ್ಸು.

ಆ ಹುಡುಗಿಯ ಕತೆ ಏನಾಯಿತು ಎನ್ನುವಿರಾ? ಮಾಲೀಕರು ಬಿಡಿಸಿ ಕಳಿಸಲಿಲ್ಲ. 'ಎರಡು ತಿಂಗಳು ನೋಡ್ತೀನಿ ತಂಗಿ, ಸಂಜೆ ಹೊತ್ತು ಆಡಿಟರ್ ಆಫೀಸಿನಾಗೆ ಕೂತು ಕಲಿ' ಎಂದಿದ್ದಾರೆ. ಹನ್ನೊಂದು ಬಿಲ್ಲನ್ನೂ ಆಕೆಯೇ ತಿದ್ದಿದಳಂತೆ. ನಾಲ್ಕು ತಿಂಗಳಲ್ಲಿ ಸಿಗದ ಪಾಠ ನಾಲ್ಕು ಸಂಜೆಯಲ್ಲಿ ಸಿಕ್ಕಿತು. ಎಲ್ಲರಿಗೂ ಇಂಥ ಸಾಹುಕಾರರು ಸಿಕ್ಕಾರೆಯೇ?

ಅರ್ಧ ಕಿಲೋ ಮೊಳೆ ತೂಗುವ ತಕ್ಕಡಿಗೆ ವರ್ಷ ವರ್ಷ ಮುದ್ರೆ ಹುಡುಕುವ ಸರ್ಕಾರ, ಎರಡು ಕುರಿ ಮಾರಿ ಕೊಂಡ ವಿದ್ಯೆಗೆ ಒಂದು ಮುದ್ರೆ ಬೇಡವೆನ್ನುತ್ತದೆಯೇ? ಸಂಬಂಧಪಟ್ಟವರು ಉತ್ತರಿಸಲಿ.