ಹಾಸಿಗೆಯ ಮೇಲೊಂದು ಬ್ಯಾಟರಿ

ಕಳೆದ ಭಾನುವಾರ ಬೆಳಿಗ್ಗೆ ಹಲಸೂರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಕಾಫಿಯ ಲೋಟ ಕೈಗೆ ಬರುವುದಕ್ಕೆ ಮೊದಲೇ ಸೋದರಳಿಯ ಓಡಿಬಂದು, "ಮಾವ, ಇದೇಕೆ ಹೀಗೆ ಉಬ್ಬಿಕೊಂಡಿದೆ?" ಎಂದು ನನ್ನ ಮುಂದೆ ಒಂದು ವಸ್ತುವನ್ನಿರಿಸಿದ. ಅವನ ಏರ್‌ಸಾಫ್ಟ್ ಬಂದೂಕಿನ ಬ್ಯಾಟರಿ ಅದು. ಚಪ್ಪಟೆಯಾಗಿರಬೇಕಾದದ್ದು ಪೂರಿಯಂತೆ ಊದಿಕೊಂಡಿತ್ತು; ಇನ್ನೂ ಬೆಚ್ಚಗಿತ್ತು. ವಿಚಾರಿಸಿದರೆ, ರಾತ್ರಿಯೆಲ್ಲ ಹಾಸಿಗೆಯ ಮೇಲೆಯೇ ಚಾರ್ಜಿಗೆ ಹಾಕಿ ಮಲಗಿದ್ದನಂತೆ. ಅದೇ ಹಾಸಿಗೆಯಲ್ಲಿ ಅವನ ಪುಟ್ಟ ತಂಗಿಯೂ ಮಲಗಿತ್ತು!

ನಾನು ಗದರಿಕೊಂಡಾಗ ತಂಗಿ ಮಗನ ಪರ ವಹಿಸಿದಳು. "ನಮ್ಮ ಇನ್ವರ್ಟರ್ ಬ್ಯಾಟರಿ ನಾಲ್ಕು ವರ್ಷದಿಂದ ಹಗಲೂ ರಾತ್ರಿ ಚಾರ್ಜಿನಲ್ಲೇ ಇದೆಯಲ್ಲಣ್ಣ, ಅದಕ್ಕೇನಾಗಿದೆ?"

ಪ್ರಶ್ನೆ ನ್ಯಾಯವಾದದ್ದೇ. ಬೆಂಗಳೂರಿನ ಅನೇಕ ಮನೆಗಳಲ್ಲಿ ಮೂಲೆ ಹಿಡಿದು ಕುಳಿತಿರುವ ಇನ್ವರ್ಟರ್ ಬ್ಯಾಟರಿ ಸೀಸ ಮತ್ತು ಆಮ್ಲದ್ದು. ಅದು ತುಂಬಿದೊಡನೆ ಇನ್ವರ್ಟರು ತಾನೇ ಪ್ರವಾಹವನ್ನು ತಗ್ಗಿಸುತ್ತದೆ. ಸ್ವಲ್ಪ ಹೆಚ್ಚಾದರೂ ಒಳಗಿನ ನೀರು ಆರುತ್ತದೆ. ನಾವು ಡಿಸ್ಟಿಲ್ಡ್ ನೀರು ಹಾಕಿ ಸುಮ್ಮನಾಗುತ್ತೇವೆ. ಲಿಥಿಯಂ ಬ್ಯಾಟರಿಗೆ ಅಂತಹ ತಾಳ್ಮೆಯಿಲ್ಲ.

ಹುಡುಗನ ಬಂದೂಕಿನಲ್ಲಿ ಮೊದಲಿದ್ದುದು ನಿಕಲ್ ಬ್ಯಾಟರಿ. ಒಂದೊಂದು ಕೋಶಕ್ಕೆ 1.2 ವೋಲ್ಟಿನಂತೆ ಏಳು ಕೋಶ, ಒಟ್ಟು 8.4 ವೋಲ್ಟ್. ಅದು ಹಳತಾಗಲು, ಶಿವಾಜಿನಗರದ ಅಂಗಡಿಯೊಂದರಿಂದ ಲಿಥಿಯಂ ಪಾಲಿಮರ್ ಬ್ಯಾಟರಿ ತಂದಿದ್ದ. ಅದರಲ್ಲಿ 3.7 ವೋಲ್ಟಿನ ಎರಡು ಕೋಶಗಳು. ಪೂರ್ಣ ತುಂಬಿದಾಗ ಕೋಶಕ್ಕೆ 4.2, ಒಟ್ಟು 8.4 ವೋಲ್ಟ್. "ಎರಡೂ 8.4 ತಾನೆ ಮಾವ?" ಎಂದು ಹಳೆಯ ಚಾರ್ಜರನ್ನೇ ಜೋಡಿಸಿದ್ದಾನೆ! ಅಪಾಯವಿದ್ದುದು ಅಲ್ಲಿಯೇ. ನಿಕಲ್‌ಗೆ 8.4 ಎಂಬುದು ಹೆಸರಿಗೆ ಮಾತ್ರ. ಅದರ ಚಾರ್ಜರು ಸುಮಾರು 10 ವೋಲ್ಟಿನವರೆಗೂ ಏರುತ್ತದೆ. ಲಿಥಿಯಂಗಾದರೋ 8.4 ಎಂಬುದು ಲಕ್ಷ್ಮಣರೇಖೆ. ಅದನ್ನು ದಾಟಿದರೆ ಒಳಗಿನ ದ್ರಾವಣ ಒಡೆದು ಅನಿಲವಾಗುತ್ತದೆ, ಪೊಟ್ಟಣ ಉಬ್ಬುತ್ತದೆ. ಇನ್ನೂ ಮುಂದುವರಿದರೆ ಒಳಪೊರೆ ಹಾಳಾಗಿ, ಬಿಸಿಯೇ ಬಿಸಿಯನ್ನು ಹೆಚ್ಚಿಸುತ್ತ ಬೆಂಕಿ ಹೊತ್ತಿಕೊಳ್ಳುತ್ತದೆ. ಆ ಹೊಗೆಯೂ ವಿಷವೇ.

ಇಂತಹ ಆಟಿಕೆ ಮನೆಯಲ್ಲಿದ್ದರೆ ವಾಚಕರು ಕೆಲವು ಮಾತುಗಳನ್ನು ನೆನಪಿಡಬೇಕು. ಲಿಥಿಯಂಗೆ ಲಿಥಿಯಂ ಚಾರ್ಜರೇ ಆಗಬೇಕು. ಪ್ರತಿ ಕೋಶವನ್ನೂ ಬೇರೆಬೇರೆಯಾಗಿ ಅಳೆದು ಸರಿದೂಗಿಸುವ ಬ್ಯಾಲೆನ್ಸ್ ಚಾರ್ಜರ್ ಉತ್ತಮ. ಬ್ಯಾಟರಿಯ ಮೇಲೆ 1,200 ಎಂ.ಎ.ಎಚ್. ಎಂದಿದ್ದರೆ 1.2 ಆಂಪಿಯರ್ ಪ್ರವಾಹ ಸಾಕು, ಅವಸರ ಬೇಡ. ಆಡಿ ತಂದ ಬಿಸಿ ಬ್ಯಾಟರಿಯನ್ನು ಆರಲು ಬಿಟ್ಟು, ಬಂದೂಕಿನಿಂದ ಹೊರತೆಗೆದು, ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲಿಟ್ಟು ಚಾರ್ಜು ಮಾಡಬೇಕು. ಹಾಸಿಗೆ, ಸೋಫಾ, ಪರದೆಗಳ ಹತ್ತಿರ ಸರ್ವಥಾ ಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಎಚ್ಚರವಿರುವ ಹಿರಿಯರೊಬ್ಬರು ಸಮೀಪದಲ್ಲಿರಬೇಕು. ಕೋಶವು 3 ವೋಲ್ಟಿಗಿಂತ ಕೆಳಗಿಳಿಯುವಷ್ಟು ಬರಿದುಮಾಡುವುದೂ ತಪ್ಪು. ವಾರಗಟ್ಟಲೆ ಎತ್ತಿಡುವುದಾದರೆ ಕೋಶಕ್ಕೆ ಸುಮಾರು 3.8 ವೋಲ್ಟಿನಲ್ಲಿ, ಅರ್ಧ ತುಂಬಿದಂತೆ ಇಡಬೇಕು.

ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಒತ್ತಬಾರದು, ಮತ್ತೆ ಚಾರ್ಜು ಮಾಡಲೇಬಾರದು. ನಾನು ಅದನ್ನು ಒಣ ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿಟ್ಟು, ಮಹಡಿಯ ಮೇಲೆ ನೆರಳಿನ ಬಯಲಿಗೆ ಸಾಗಿಸಿದೆ. ಕಸದ ಬುಟ್ಟಿಗೆ ಹಾಕಲು ಹೊರಟಿದ್ದ ತಂಗಿಯನ್ನು ತಡೆದೆ. ಕಸದ ಲಾರಿಯಲ್ಲಿ ಅದು ಜಜ್ಜಿಹೋದರೆ ಬೆಂಕಿಗೆ ಎದುರಾಗುವವರು ಪೌರಕಾರ್ಮಿಕರು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ಉತ್ಪಾದಕರದು; ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುವುದೇ ಸರಿಯಾದ ದಾರಿ. ಒಂದು ವೇಳೆ ಬೆಂಕಿಯೇ ಹತ್ತಿದರೆ, ಮೊದಲು ಮಕ್ಕಳನ್ನು ಹೊರಗೆ ಕರೆದೊಯ್ದು 101ಕ್ಕೆ ಫೋನ್ ಮಾಡಬೇಕು. ವಸ್ತುವಿನ ಮೋಹ ಬೇಡ.

1991ರಲ್ಲಿ ಜಪಾನಿನ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿ ಇಂದು ನಮ್ಮ ಜೇಬಿನ ಫೋನಿನಲ್ಲಿದೆ, ಇಂದಿರಾನಗರದ ರಸ್ತೆಗಳಲ್ಲಿ ಸದ್ದಿಲ್ಲದೆ ಓಡುವ ಸ್ಕೂಟರಿನಲ್ಲಿದೆ. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕವೂ ಸಂದಿತು. ಸೇವಕ ಸಮರ್ಥನೇ, ಆದರೆ ಅವನ ಮೇಲೊಂದು ಕಣ್ಣಿರಬೇಕು.

ಇಷ್ಟನ್ನೂ ಕೇಳಿದ ತಂಗಿ ಮಗನತ್ತ ತಿರುಗಿ ಹೇಳಿದಳು: "ಗೊತ್ತಾಯಿತೇನೋ? ಒಲೆಯ ಮೇಲೆ ಹಾಲಿಟ್ಟ ಹಾಗೆ. ಇಟ್ಟವರು ಅಲ್ಲೇ ನಿಂತಿರಬೇಕು."

ನಾನು ಅರ್ಧ ಗಂಟೆ ಹೇಳಿದ್ದನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು. ಅಷ್ಟರಲ್ಲಿ ನನ್ನ ಕಾಫಿ ತಣ್ಣಗಾಗಿತ್ತು.