ಬೆಲ್ಲದ ಒಲೆಯ ವಿಷ

ಡಯಾಕ್ಸಿನ್ ಎಂದರೆ ನಮಗೆ ವಿಯೆಟ್ನಾಂ ನೆನಪಾಗುತ್ತದೆ, 1976ರ ಇಟಲಿಯ ಸೆವೆಸೊ ದುರಂತ ನೆನಪಾಗುತ್ತದೆ. ಮಂಡ್ಯದ ಗುತ್ತಲಿನಲ್ಲಾಗಲಿ ಮದ್ದೂರಿನಲ್ಲಾಗಲಿ ಕಸಕ್ಕೆ ಬೆಂಕಿ ಬಿದ್ದಾಗ ಆ ಹೆಸರು ಯಾರ ಬಾಯಿಗೂ ಬರುವುದಿಲ್ಲ.

ಪಿವಿಸಿಯಂಥ ಪ್ಲಾಸ್ಟಿಕ್ ಅರೆಬರೆ ಉರಿದರೆ ಸಾಕು, ಡಯಾಕ್ಸಿನ್ ಹುಟ್ಟುತ್ತದೆ. ಅದನ್ನು ನಾಶಮಾಡಲು 850 ಡಿಗ್ರಿ ಮೀರಿದ ಕಾವು ಬೇಕು. ಬೀದಿಯ ಕಸದ ರಾಶಿಗೆ ಆ ಕಾವು ಎಲ್ಲಿಂದ ಬರಬೇಕು? ಆಲೆಮನೆಗಳಲ್ಲಿ ರಚ್ಚಿನ ಜೊತೆ ಟೈರು, ಪ್ಲಾಸ್ಟಿಕ್ ತುರುಕುವ ಸುದ್ದಿಯೂ ಈ ಜಿಲ್ಲೆಗೆ ಹೊಸದಲ್ಲ.

‘ಹೊಗೆ ಗಾಳೀಲಿ ಹೋಗುತ್ತೆ ಬಿಡಿ’ ಎನ್ನುತ್ತಾರೆ. ಹೋಗುವುದಿಲ್ಲ. ನೀರಿನಲ್ಲಿ ಕರಗದ ಈ ವಿಷ ಬೂದಿಗೆ, ಹುಲ್ಲಿಗೆ, ಕೆರೆಯ ಹೂಳಿಗೆ ಅಂಟಿ ಕೂರುತ್ತದೆ. ಮಳೆ ಬಂದರೆ ಶಿಂಷೆ, ಕಾವೇರಿಯ ಹಾದಿ ಹಿಡಿದು ಕಡಲ ಕೆಸರಿನವರೆಗೂ ಹೋಗಬಲ್ಲದು. ಮೀನಿನ ಕೊಬ್ಬು, ಹಸುವಿನ ಹಾಲು ಸೇರಿ ನಮ್ಮ ತಟ್ಟೆಗೇ ಮರಳುತ್ತದೆ. ದೇಹ ಸೇರಿದ್ದು ಅರ್ಧಕ್ಕಿಳಿಯಲು 7ರಿಂದ 11 ವರ್ಷ ಬೇಕು.

ಡಯಾಕ್ಸಿನ್ ತಗ್ಗಿಸುವ ಸ್ಟಾಕ್‌ಹೋಮ್ ಒಪ್ಪಂದವನ್ನು ಭಾರತ 2006ರಲ್ಲೇ ಅನುಮೋದಿಸಿತು. 2016ರ ಘನತ್ಯಾಜ್ಯ ನಿಯಮಗಳು ಬೀದಿಯಲ್ಲಿ ಕಸ ಸುಡುವುದನ್ನು ನಿಷೇಧಿಸಿದವು. ಆದರೂ ಬೈಗುಳ ಮಾತ್ರ ಒಲೆಗೆ ಉರಿ ಹಾಕುವ ಕೂಲಿಯವನಿಗೆ! ಅಗ್ಗದ ಉರುವಲೆಂದು ನಗರದ ಕಸವನ್ನು ಅವನ ಮುಂದೆ ಸುರಿದವರನ್ನು ಕೇಳಿ. ಕಸ ಒಯ್ಯದ ಆಡಳಿತವನ್ನು ಕೇಳಿ. ಸಕ್ಕರೆ ನಾಡೆಂಬ ಹೆಮ್ಮೆ ಉಳಿಯಬೇಕಾದರೆ ಬೆಲ್ಲದ ಒಲೆಯಲ್ಲಿ ರಚ್ಚು ಮಾತ್ರ ಉರಿಯಲಿ.