ಬರುವ ವರ್ಷ ಯಾವ ಪುಸ್ತಕ ಓದೋಣ?



ಕಳೆದ ಜುಲೈ ತಿಂಗಳ ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯಲ್ಲಿ ವ್ಯಾಕರಣ ಪಾಠ ನಡೆಯುತ್ತಿತ್ತು. ಹೊರಗೆ ಜಡಿಮಳೆ. ನನ್ನ ಮಾತು ಹಿಂದಿನ ಬೆಂಚಿಗೆ ಕೇಳಿಸುತ್ತಿರಲಿಲ್ಲ. ಪಾಠ ನಿಲ್ಲಿಸಿ, ಏನಾದರೂ ಕೇಳುವುದಿದ್ದರೆ ಕೇಳಿರಿ ಎಂದೆ. ಒಬ್ಬ ಹುಡುಗಿ ಎದ್ದು ನಿಂತು, "ಟೀಚರೇ, ಮುರಕಲ್ಲು ಕೋರೆಯಲ್ಲಿ ಕಡಿಯುವಾಗ ಮೆತ್ತಗಿರುತ್ತದೆ, ಮನೆ ಕಟ್ಟಿದ ಮೇಲೆ ಗಟ್ಟಿಯಾಗುತ್ತದೆ. ಅದು ಯಾಕೆ?" ಎಂದು ಕೇಳಿದಳು. ನನಗೆ ತಿಳಿದಿರಲಿಲ್ಲ. ವಾಚನಾಲಯದಲ್ಲಿ ಹುಡುಕಿ ನೋಡೋಣ ಎಂದೆ. ಆಗ ಅವಳು, "ಅಂಥದ್ದೆಲ್ಲ ಕನ್ನಡ ಪುಸ್ತಕದಲ್ಲಿ ಇರುವುದಿಲ್ಲ ಅಲ್ಲವಾ ಟೀಚರೇ?" ಎಂದಳು.

ಕುಚೋದ್ಯಕ್ಕೆ ಹೇಳಿದ ಮಾತಲ್ಲ ಅದು. ಹಾಗೆಂದೇ ಅವಳು ನಂಬಿದ್ದಳು. ಸಂಜೆ ವಾಚನಾಲಯದ ದಾಖಲೆ ಪುಸ್ತಕವನ್ನು ತೆರೆದು ನೋಡಿದೆ. ಮಕ್ಕಳು ಒಯ್ದದ್ದೆಲ್ಲ ಹೆಚ್ಚುಕಡಿಮೆ ಕಥೆ, ಕಾದಂಬರಿ, ನಾಟಕಗಳೇ. ವಿಜ್ಞಾನ, ಇತಿಹಾಸ, ಪ್ರವಾಸ, ಜೀವನಚರಿತ್ರೆಗಳಿದ್ದ ಕಪಾಟಿನ ಬಾಗಿಲು ಮಳೆಗೆ ಉಬ್ಬಿ, ತೆರೆಯಲು ನಾನು ಬಲ ಹಾಕಬೇಕಾಯಿತು. ಕಥೆ ಓದಬಾರದೆಂದು ನಾನು ಹೇಳುವವಳಲ್ಲ. ಕನ್ನಡ ಅಧ್ಯಾಪಕಿಯಾಗಿ ಹಾಗೆ ಹೇಳಿದರೆ ನನ್ನ ಅನ್ನಕ್ಕೇ ಕಲ್ಲು. ಆದರೆ ಕಥೆಗೆ, ಹಾಡಿಗೆ, ಯಕ್ಷಗಾನಕ್ಕೆ, ನವೆಂಬರ್ ತಿಂಗಳ ಭಾಷಣಕ್ಕೆ ಮಾತ್ರ ಕನ್ನಡ. ಕಲ್ಲು, ನೀರು, ರೋಗ, ಕಾನೂನು ಇವುಗಳನ್ನು ತಿಳಿಯಲು ಬೇರೆ ಭಾಷೆ ಎಂಬ ಭಾವನೆ ಮಕ್ಕಳಲ್ಲಿ ಬೇರೂರಿದರೆ, ಕನ್ನಡವು ನಮ್ಮ ಮನೆಯ ಜಗಲಿಯಲ್ಲಿ ಕೂರಿಸಿದ ನೆಂಟನಂತಾಗುತ್ತದೆ. ಮರ್ಯಾದೆಗೆ ಕೊರತೆಯಿಲ್ಲ, ಒಳಗೆ ಕೆಲಸವಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡ ಶಾಲೆಗಾಗಿ, ಕನ್ನಡದ ಅರ್ಜಿ ನಮೂನೆಗಾಗಿ ನಮ್ಮ ಹಿರಿಯರು ಮನವಿಗಳನ್ನು ಕೊಡುತ್ತ ಬಂದಿದ್ದಾರೆ. ಅದು ಬೇಕಾದದ್ದೇ. ಆದರೆ ಯಾವ ಪುಸ್ತಕವನ್ನು ಕೈಗೆತ್ತಿಕೊಳ್ಳಬೇಕು ಎಂಬುದಕ್ಕೆ ಯಾವ ಸರಕಾರಕ್ಕೂ ಮನವಿ ಕೊಡಬೇಕಾಗಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ವಾಚನಾಲಯಕ್ಕೆ ಪುಸ್ತಕ ಕೊಳ್ಳುವ ಹೊಣೆ ನನಗೆ ಬಂದಿತ್ತು. ಪ್ರಶಸ್ತಿ ಬಂದವು, ಮಹಾಪುರುಷರ ಚರಿತ್ರೆಗಳು, ದಪ್ಪನೆಯ ಸಂಪುಟಗಳು ಎಂದು ಪಟ್ಟಿ ಮಾಡಿ ತರಿಸಿದೆ. ಅವುಗಳಲ್ಲಿ ಹೆಚ್ಚಿನವು ಇಂದಿಗೂ ಹೊಸದಾಗಿಯೇ ಇವೆ. ದೋಷ ಪುಸ್ತಕಗಳದ್ದಲ್ಲ. ಓದುವವರು ಯಾರು ಎಂದು ಕೇಳದೆ, ಶ್ರೇಷ್ಠವಾದದ್ದು ಯಾವುದು ಎಂದಷ್ಟೇ ಕೇಳಿದ್ದೆ. ಕಥೆಯ ಪುಸ್ತಕಕ್ಕೆ ಮುಂದೇನಾಯಿತು ಎಂಬ ಕುತೂಹಲವೊಂದೇ ಸಾಕು, ಅದು ತಾನೇ ಓದಿಸಿಕೊಳ್ಳುತ್ತದೆ. ಕಥೆಯಲ್ಲದ ಪುಸ್ತಕದ ಬಳಿಗೆ ನಾವೇ ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಹೋಗಬೇಕು. ಆದುದರಿಂದ ಬರುವ ವರ್ಷದ ಪುಸ್ತಕವನ್ನು ಆರಿಸುವ ಮುಂಚೆ ಪಟ್ಟಿಯನ್ನು ನೋಡಬೇಡಿರಿ. ನಿಮ್ಮ ಮನೆಯ ಸುತ್ತ ನೋಡಿರಿ ಎಂಬುದು ನನ್ನ ಸಲಹೆ.

ಆ ಹುಡುಗಿಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಉತ್ತರ ಹುಡುಕಲು ನನಗೆ ಮೂರು ವಾರ ಹಿಡಿಯಿತು. ಅದು ಒಂದೇ ಪುಸ್ತಕದಲ್ಲಿ ಸಿಕ್ಕಿದ್ದೂ ಅಲ್ಲ. ಬಹುಕಾಲದ ಮಳೆ ಮೂಲ ಶಿಲೆಯಲ್ಲಿ ಕರಗುವ ಅಂಶಗಳನ್ನೆಲ್ಲ ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮಿನ ಅಂಶಗಳನ್ನು ಉಳಿಸಿಹೋದದ್ದರಿಂದ ಆದದ್ದು ಮುರಕಲ್ಲು. ಅದರ ಕೆಂಪು ಬಣ್ಣ ಕಬ್ಬಿಣದ್ದು. ನೆಲದಡಿ ತೇವದಲ್ಲಿರುವಾಗ ಉಪಕರಣಕ್ಕೆ ಸುಲಭವಾಗಿ ಬಗ್ಗುತ್ತದೆ. ಹೊರಗೆ ತೆಗೆದಿಟ್ಟು ಗಾಳಿ ಬಿಸಿಲು ತಾಗಿದಾಗ ಒಣಗಿ, ಆ ಕಬ್ಬಿಣದ ಅಂಶ ಬಿಗಿದುಕೊಂಡು ಗಟ್ಟಿಯಾಗುತ್ತದೆ. ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ. 1799ರಲ್ಲಿ ಟಿಪ್ಪು ಮಡಿದ ಮರುವರ್ಷ, ಕಂಪೆನಿಯವರ ಅಪ್ಪಣೆಯಂತೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಸಂಚಾರಕ್ಕೆ ಹೊರಟವನು ಆತ. 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಈ ಹೆಸರನ್ನು ಮಾಡಿದ. ಅವನು ಈ ಕಲ್ಲನ್ನು ಗಮನಿಸಿದ ಅಂಗಡಿಪುರಂ ಇಂದಿನ ಮಲಪ್ಪುರಂ ಜಿಲ್ಲೆಯಲ್ಲಿದೆ. ನಮ್ಮ ಹಿತ್ತಿಲ ಪಾಗಾರದ ಕಲ್ಲಿಗೂ ಲ್ಯಾಟಿನಿಗೂ ನಂಟಿದೆ ಎಂದು ತಿಳಿದಾಗ ತರಗತಿಯಲ್ಲಿ ನಗು ಎದ್ದಿತು!

ಮಾತು ಅಲ್ಲಿಗೇ ನಿಲ್ಲಲಿಲ್ಲ. "ಹಾಗಾದರೆ ನಮ್ಮ ಸುರಂಗ ಕುಸಿಯದೆ ನಿಲ್ಲುವುದೂ ಅದಕ್ಕೇ ಅಲ್ಲವೇ?" ಎಂದ ಇನ್ನೊಬ್ಬ. ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಕೊರೆದು, ಪಂಪಿನ ಹಂಗಿಲ್ಲದೆ ಅಂಗಳಕ್ಕೆ ನೀರು ಇಳಿಸುವ ನಮ್ಮೂರ ಸುರಂಗಗಳ ಮೇಲೆ ದೂರದೂರದ ವಿದ್ವಾಂಸರು ಬಂದು ಬರೆದಿದ್ದಾರೆ. ಈ ಜಿಲ್ಲೆಯವರೇ ಆದ ಶ್ರೀಪಡ್ರೆಯವರು ಮಳೆನೀರಿನ ಬಗೆಗೆ ಕನ್ನಡದಲ್ಲಿ ವರ್ಷಗಟ್ಟಲೆ ಬರೆಯುತ್ತ ಬಂದಿದ್ದಾರೆ. 1988ರಲ್ಲಿ ಪುತ್ತೂರಿನಿಂದ ಆರಂಭವಾದ 'ಅಡಿಕೆ ಪತ್ರಿಕೆ'ಯ ಹಳೆಯ ಸಂಚಿಕೆಗಳು ನಿಮ್ಮಲ್ಲಿ ಎಷ್ಟೋ ಮಂದಿಯ ಅಟ್ಟದಲ್ಲಿರಬಹುದು. ರದ್ದಿಗೆ ಹಾಕುವ ಮುಂಚೆ ಒಮ್ಮೆ ತೆರೆದು ನೋಡಿರಿ.

ಇನ್ನು, ಪುಸ್ತಕ ಕೈಗೆ ಬಂದಾಗ ಮೊದಲು ಅದು ಅಚ್ಚಾದ ವರ್ಷವನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳಿರಿ. ಕಥೆಗೆ ಇದು ಅಷ್ಟು ಮುಖ್ಯವಲ್ಲ, ವಿಚಾರದ ಪುಸ್ತಕಕ್ಕೆ ಬಹಳ ಮುಖ್ಯ. ಗ್ರಹಗಳು ಒಂಬತ್ತು ಎಂದು ಬರೆದ ಪುಸ್ತಕ ಸುಳ್ಳು ಹೇಳಿದ್ದಲ್ಲ. ಪ್ಲೂಟೋವನ್ನು ಗ್ರಹಗಳ ಸಾಲಿನಿಂದ ಹೊರಗಿಟ್ಟದ್ದು 2006ರಲ್ಲಿ. ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳು 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಡುವ ಮೊದಲೇ ಬಂದವು. ಹಾಗೆಂದು ಅವನ್ನು ಬದಿಗಿಡಬೇಕೆ? ಬೇಡವೆಂದೇ ನನ್ನ ಅಭಿಪ್ರಾಯ. ಕಾಲೇಜು ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟ ಒಬ್ಬರು, ನಮಗೆ ಇಷ್ಟು ಸಮೀಪದ ಪುತ್ತೂರಿನಲ್ಲಿ ಕುಳಿತು, ಆಕಾಶದಿಂದ ಅಣುವಿನವರೆಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಲು ಹೊರಟರಲ್ಲ! ಎಲ್ಲಿ ಹಳತಾಗಿದೆ ಎಂದು ವಿಜ್ಞಾನದ ಅಧ್ಯಾಪಕರನ್ನು ಕೇಳುತ್ತ ಓದಿದರೆ ಲಾಭ ಎರಡು ಪಟ್ಟು. ಗಾಂಧೀಜಿಯವರ ಆತ್ಮಕಥೆಯನ್ನು ಗೊರೂರರು ಕನ್ನಡಕ್ಕೆ ತಂದಿದ್ದಾರೆ. ಅದರಲ್ಲಿ ದಂಡಿ ಯಾತ್ರೆಯನ್ನು ಹುಡುಕಿ ಸಿಗಲಿಲ್ಲವೆಂದು ಒಬ್ಬ ಹುಡುಗ ನನ್ನಲ್ಲಿ ದೂರಿದ್ದ. ಅವರು ಅದನ್ನು ಬರೆಯಲು ತೊಡಗಿದ್ದು 1925ರಲ್ಲಿ, ದಂಡಿಗೆ ನಡೆದದ್ದು 1930ರಲ್ಲಿ. ಆ ಹುಡುಗ ಪರೀಕ್ಷೆಯಲ್ಲಿ ಈ ಎರಡು ಇಸವಿಗಳನ್ನು ಮರೆಯಲಾರ.

ಜೀವನಚರಿತ್ರೆ ಬೇಕೆನ್ನುವವರು ಹತ್ತಿರದವರಿಂದ ತೊಡಗಿರಿ. ಪೆರಡಾಲದಲ್ಲಿ ಅಧ್ಯಾಪಕರಾಗಿದ್ದು, ಬೇಸಾಯವನ್ನೂ ಮಾಡುತ್ತ ನೂರು ವರ್ಷ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳ 'ದುಡಿತವೇ ನನ್ನ ದೇವರು' ಇದೆ. ಮುಸ್ಲಿಂ ಹೆಣ್ಣುಮಕ್ಕಳು ಹೈಸ್ಕೂಲಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದ ಸಾರಾ ಅಬೂಬಕ್ಕರ್ ಅವರ 'ಹೊತ್ತು ಕಂತುವ ಮುನ್ನ' ಇದೆ. ಇದನ್ನು ಹುಡುಗಿಯರು ಮಾತ್ರವಲ್ಲ, ಹುಡುಗರೂ, ಹುಡುಗಿಯರ ತಂದೆಯಂದಿರೂ ಓದಬೇಕು. ನಗುತ್ತ ಓದುವಂಥದ್ದು ಬೇಕಾದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಹಿಡಿಯಿರಿ. ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ಶಿಷ್ಯರನ್ನು ಕಟ್ಟಿಕೊಂಡು ಕಾಡು ಸುತ್ತಿದ ವೃತ್ತಾಂತ ಅದು. ತೇಜಸ್ವಿಯವರ 'ಪರಿಸರದ ಕಥೆ'ಯನ್ನು ಬಲ್ಲವರು ನಿಮ್ಮಲ್ಲೇ ಹಲವರಿದ್ದಾರೆ, ಹೆಚ್ಚು ಹೇಳಬೇಕಾಗಿಲ್ಲ.

ಪಾಲಕರಲ್ಲಿ ಒಂದು ಅರಿಕೆ. ಮಕ್ಕಳು ಪುಸ್ತಕ ಬೇಕೆಂದಾಗ "ಪರೀಕ್ಷೆಗೆ ಬರುತ್ತದೆಯೇ?" ಎಂದು ಕೇಳಿ, ಸಾಮಾನ್ಯ ಜ್ಞಾನದ ಪ್ರಶ್ನೋತ್ತರ ಮಾಲೆಯೊಂದನ್ನು ಕೊಡಿಸಿ ಬರುವವರು ನಮ್ಮಲ್ಲಿ ಬಹಳ. ಬೇರೆಯವರು ಕೇಳಿದ ಪ್ರಶ್ನೆ, ಒಂದು ಸಾಲಿನ ಉತ್ತರ. ಅದನ್ನು ಬಾಯಿಪಾಠ ಮಾಡಿದ ಹುಡುಗ ಸ್ಪರ್ಧೆಯಲ್ಲಿ ಲೋಟ ಗೆದ್ದು ತಂದಾನು, ಆದರೆ ಮುರಕಲ್ಲಿನ ಪ್ರಶ್ನೆ ಅವನಿಗೆ ಹೊಳೆಯುವುದು ಕಷ್ಟ. ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆ ಎನ್ನುವವರೂ ಇದ್ದಾರೆ. ಸಿಗುತ್ತದೆ, ನಿಜ. ನನಗೂ ಬುಕಾನನನ ಒಂದು ಇಸವಿ ಅಲ್ಲೇ ಸಿಕ್ಕಿತು. ಆದರೆ ಒಂದು ವಿಷಯವನ್ನು ಇನ್ನೂರು ಪುಟ ಹಿಡಿದು ನಡೆಯುವ ತಾಳ್ಮೆ ಅಲ್ಲಿಂದ ಬಂದುದನ್ನು ನಾನು ಇನ್ನೂ ಕಂಡಿಲ್ಲ.

ಮಲಯಾಳದ ಪುಸ್ತಕ ಓದಬಹುದೇ ಎಂದು ಕೆಲವು ಮಕ್ಕಳು ಅಳುಕುತ್ತಲೇ ಕೇಳುತ್ತಾರೆ. ಖಂಡಿತ ಓದಿರಿ. ಮನೆಯಲ್ಲಿ ತುಳು, ಕಿರಿಯ ತರಗತಿಗಳಲ್ಲಿ ಕನ್ನಡ, ಹೈಸ್ಕೂಲಿನಲ್ಲಿ ಮಲಯಾಳ, ಹೀಗೆ ಕಲಿತವಳು ನಾನು. 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಮಕ್ಕಳಿಗಾಗಿ 'ಯುರೀಕಾ' ಎಂಬ ಪತ್ರಿಕೆಯನ್ನು 1970ರಲ್ಲಿ ಆರಂಭಿಸಿದರು. ವಿಜ್ಞಾನವನ್ನು ತಾಯ್ನುಡಿಯಲ್ಲಿ ಹೇಳಬಹುದೆಂಬುದನ್ನು ನಾನು ಮೊದಲು ಕಂಡದ್ದು ಅದರಲ್ಲಿಯೇ. ಆಗ ನನಗೆ ಸ್ವಲ್ಪ ಮತ್ಸರವೂ ಆಗಿತ್ತು. ಒಂದೇ ನಿಬಂಧನೆ: ಮಲಯಾಳದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಓದಿದ್ದನ್ನು ಒಂದು ಪುಟದಷ್ಟು ಕನ್ನಡದಲ್ಲಿ ಬರೆದು ನನಗೆ ತೋರಿಸಬೇಕು. ಶಬ್ದ ಸಿಗದಲ್ಲಿ ಜಾಗ ಬಿಡಿರಿ, ಇಬ್ಬರೂ ಕೂಡಿ ಹುಡುಕೋಣ.

ವರ್ಷಕ್ಕೆ ಇಪ್ಪತ್ತು, ಮೂವತ್ತು ಎಂಬ ಸಂಕಲ್ಪ ಬೇಡ. ನಾಲ್ಕು ಸಾಕು; ಎರಡನೆಯದನ್ನು ಅರ್ಧಕ್ಕೆ ಬಿಟ್ಟರೂ ದಂಡವಿಲ್ಲ. ಜೂನ್ 19ರ ವಾಚನಾ ದಿನದ ಒಳಗೆ ಪ್ರತಿಯೊಬ್ಬರೂ ತಮ್ಮ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ವಾಚನಾಲಯದ ಮೇಜಿನ ಮೇಲೆ ಇಡಿರಿ. ಈ ಸಲದ ಪುಸ್ತಕಗಳನ್ನು ಆ ಚೀಟಿಗಳನ್ನು ನೋಡಿಯೇ ತರಿಸುತ್ತೇನೆ. ಕಪಾಟಿನ ಬಾಗಿಲನ್ನು ಬಡಗಿಯಿಂದ ಕೀಸಿಸಿದ್ದಾಗಿದೆ. ಅಂದ ಹಾಗೆ, ಮುರಕಲ್ಲಿನ ಮೇಲೆ ಆ ಹುಡುಗಿ ಬರೆದ ಲೇಖನವೂ ಇದೇ ಸಂಚಿಕೆಯಲ್ಲಿದೆ. ಕೋರೆಯ ಕೆಲಸದವರನ್ನು ಮಾತನಾಡಿಸಿ ಬರೆದದ್ದು. ನನಗೆ ಗೊತ್ತಿಲ್ಲದ ಎರಡು ಸಂಗತಿಗಳು ಅದರಲ್ಲಿವೆ.